ದಂಡಿನ ಆಳ್ವಿಕೆಯಲ್ಲಿ ದೇವರ ಭಂಡಾರ



ಚಿಕ್ಕಮಗಳೂರಿನಿಂದ ಆಲ್ದೂರು ಹಾದು ಬಾಳೆಹೊನ್ನೂರಿನ ಕಡೆಗೆ ಹೋಗುವ ರಸ್ತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಎರಡೂ ಬದಿಗೆ ಕಾಫಿ ತೋಟ, ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ತೋಟದ ಒಳಗೆ ಸಾಲಾಗಿ ಕಟ್ಟಿದ ಕೂಲಿ ಲೈನುಗಳು. ಇದೇ ರಸ್ತೆ ಮುಂದೆ ಭದ್ರಾ ನದಿಯನ್ನು ದಾಟಿ, ಜಯಪುರದ ಮೇಲೆ ತುಂಗಾ ತೀರದ ಶೃಂಗೇರಿಯನ್ನು ಸೇರುತ್ತದೆ. ಇನ್ನೊಂದು ಕವಲು ಹಿಡಿದರೆ ಕಳಸ, ಹೊರನಾಡು. ಒಂದೇ ಸೀಮೆಯಲ್ಲಿ ಒಂದು ಕಡೆ ದಿನಗೂಲಿಯ ಬದುಕು, ಇನ್ನೊಂದು ಕಡೆ ಶತಮಾನಗಳಿಂದ ರಾಜರೂ ಭಕ್ತರೂ ಒಪ್ಪಿಸುತ್ತ ಬಂದ ಕಾಣಿಕೆಯ ಭಂಡಾರ.

ಈ ಎರಡನ್ನೂ ಕಂಡ ಯಾವ ಹುಡುಗ ಹುಡುಗಿಗಾದರೂ ಒಂದು ಪ್ರಶ್ನೆ ಹುಟ್ಟುತ್ತದೆ: ದೇವರ ಮುಂದೆ ಇಷ್ಟು ಚಿನ್ನ ಇರುವಾಗ ಊರಿನಲ್ಲಿ ಬಡತನ ಏಕೆ? ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಚಿನ್ನವನ್ನೆಲ್ಲ ಹಂಚಿಬಿಡಿ ಎಂಬುದು ಒಂದು. ದೇವರ ವಿಷಯ, ಕೇಳಬೇಡಿ ಎಂಬುದು ಇನ್ನೊಂದು. ಎರಡೂ ನಮ್ಮನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ದೇವರ ಸಂಪತ್ತು, ಜನರ ಬಡತನ ಇವೆರಡರ ನಡುವೆ ಮೂರನೆಯವನೊಬ್ಬ ನಿಂತಿರುತ್ತಾನೆ. ಅವನೇ ಆಳುವವನು. ಆಳುವವನ ಕೈಯಲ್ಲಿ ದಂಡು ಇದ್ದು, ಜನರ ಒಪ್ಪಿಗೆ ಇಲ್ಲದಿದ್ದರೆ ಈ ಸಂಬಂಧ ಹೇಗಿರುತ್ತದೆ? ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮದೇ ಮಲೆನಾಡಿನಲ್ಲಿ, ೧೭೯೧ರಲ್ಲಿ ನಡೆದ ಒಂದು ಘಟನೆ ಇದನ್ನು ಚೆನ್ನಾಗಿ ಹೇಳುತ್ತದೆ.

ಸಂಪತ್ತು ಬಂದದ್ದು ಎಲ್ಲಿಂದ?

ಮೊದಲು ಮಠ ಮಂದಿರಗಳಿಗೆ ಸಂಪತ್ತು ಹೇಗೆ ಬರುತ್ತಿತ್ತು ಎಂಬುದನ್ನು ನೋಡೋಣ. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿದ್ದವು.

ಒಂದನೆಯದು ಭೂಮಿ. ರಾಜನು ಒಂದು ಊರನ್ನು ಮಠಕ್ಕೆ ಉಂಬಳಿಯಾಗಿ ಅಥವಾ ಇನಾಮಾಗಿ ಬಿಟ್ಟುಕೊಟ್ಟನೆಂದರೆ, ಆ ಊರಿನ ಕಂದಾಯ ಅರಮನೆಗೆ ಹೋಗದೆ ಮಠಕ್ಕೆ ಹೋಗುತ್ತಿತ್ತು. ಉಳುವವನು ಮಾತ್ರ ಅವನೇ. ಅವನು ಅಳೆದುಕೊಡುವ ಭತ್ತದ ಗಾಡಿ ಸೇರುವ ಕಣಜ ಬೇರೆ, ಅಷ್ಟೆ. ೧೩೪೬ರಲ್ಲಿ ವಿಜಯನಗರದ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂಮಿಯನ್ನು ದಾನ ಮಾಡಿದ ಶಾಸನ ಇಂದಿಗೂ ಇದೆ. ಅವರ ನಂತರ ಕೆಳದಿಯ ನಾಯಕರೂ ಈ ಮಠವನ್ನು ಪೋಷಿಸಿದರು. ನಮ್ಮ ಜಿಲ್ಲೆಯ ಊರುಗಳ ಹೆಸರುಗಳಲ್ಲಿಯೇ ಈ ಇತಿಹಾಸ ಉಳಿದುಕೊಂಡಿದೆ. ಗಿರಿಶ್ರೇಣಿಯಲ್ಲಿರುವ ಒಂದು ಗ್ರಾಮದ ಹೆಸರು ಕಂದಾಯದ ದಾಖಲೆಯಲ್ಲಿ 'ಇನಾಂ ದತ್ತಾತ್ರೇಯ ಪೀಠ' ಎಂದಿರುವುದನ್ನು ನೀವು ಕೇಳಿರಬಹುದು.

ಎರಡನೆಯದು ಕಾಣಿಕೆ. ಹರಕೆ ಹೊತ್ತವರು, ವ್ಯಾಪಾರದಲ್ಲಿ ಲಾಭ ಕಂಡವರು, ಮಕ್ಕಳಾದವರು ತಂದು ಒಪ್ಪಿಸಿದ ಬೆಳ್ಳಿ ಬಂಗಾರ. ಮಠಾಧಿಪತಿಗಳು ಸಂಚಾರ ಹೊರಟಾಗ ಊರೂರುಗಳಲ್ಲಿ ಸಲ್ಲಿಸಿದ ಪಾದಕಾಣಿಕೆಯೂ ಇದರಲ್ಲಿ ಸೇರುತ್ತದೆ.

ಮೂರನೆಯದು ಭದ್ರತೆ. ಅಂದು ಬ್ಯಾಂಕುಗಳಿರಲಿಲ್ಲ. ಚಿನ್ನವನ್ನು ಮನೆಯಲ್ಲಿಟ್ಟುಕೊಂಡರೆ ಕಳ್ಳನ ಭಯ, ಪಾಳೆಯಗಾರನ ಭಯ. ದೇವರ ಗುಡಿಯನ್ನು ಮುಟ್ಟಲು ಯಾರಾದರೂ ಹಿಂಜರಿಯುತ್ತಾರೆ ಎಂಬ ನಂಬಿಕೆಯಿಂದ ಗುಡಿಗೆ ಬಂದದ್ದು ಗುಡಿಯಲ್ಲೇ ಉಳಿಯುತ್ತಿತ್ತು. ಹಣ ಕೈಯಿಂದ ಕೈಗೆ ತಿರುಗಿದರೆ ಕೆಲಸ ಹುಟ್ಟುತ್ತದೆ. ಭಂಡಾರದಲ್ಲಿ ಕುಳಿತರೆ ಹಾಗೆಯೇ ಇರುತ್ತದೆ. ಹೀಗೆ ತಲೆಮಾರುಗಳ ಸಂಪತ್ತು ಒಂದೇ ಕಡೆ ಗುಡ್ಡೆಯಾಯಿತು.

ಇಲ್ಲಿ ನೀವು ಗಮನಿಸಬೇಕಾದ ಮಾತೊಂದಿದೆ. ಕಾಣಿಕೆ ಕೊಟ್ಟ ರಾಜನ ಹೆಸರು ಕಲ್ಲಿನ ಮೇಲೆ ಇದೆ. ಆ ಕಾಣಿಕೆಗೆ ಬೇಕಾದ ಭತ್ತವನ್ನೂ ಅಡಿಕೆಯನ್ನೂ ಬೆಳೆದ ಒಕ್ಕಲಿನ ಹೆಸರು ಎಲ್ಲಿಯೂ ಇಲ್ಲ.

ಸಿಪಾಯಿ ಸಿಂಹಾಸನದ ಹಿಂದೆ ನಿಂತಾಗ

ಈಗ ೧೮ನೆಯ ಶತಮಾನಕ್ಕೆ ಬರೋಣ. ಮೈಸೂರಿನ ದಂಡಿನಲ್ಲಿ ಕೆಳಗಿನ ಹುದ್ದೆಯಿಂದ ಮೇಲೆ ಬಂದ ಹೈದರಾಲಿ, ೧೭೬೧ರ ಹೊತ್ತಿಗೆ ರಾಜ್ಯದ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಒಡೆಯರ ವಂಶದ ಅರಸರು ಸಿಂಹಾಸನದ ಮೇಲೆ ಹೆಸರಿಗೆ ಮಾತ್ರ ಇದ್ದರು. ದಸರೆಯಲ್ಲಿ ಅರಸರು ಪ್ರಜೆಗಳಿಗೆ ದರ್ಶನ ಕೊಡುವ ಪದ್ಧತಿಯನ್ನು ಹೈದರ್ ಬಿಡಿಸಲಿಲ್ಲ. ಖಜಾನೆ, ಕೋಟೆ, ದಂಡು ಮೂರೂ ತನ್ನಲ್ಲಿದ್ದರೂ, ಜನರ ಮನಸ್ಸಿನಲ್ಲಿ ಅರಸೊತ್ತಿಗೆಗೆ ಇದ್ದ ಪವಿತ್ರ ಸ್ಥಾನವನ್ನು ಮುಟ್ಟಿದರೆ ಅಪಾಯ ಎಂಬುದು ಅವನಿಗೆ ತಿಳಿದಿತ್ತು. ೧೭೬೩ರಲ್ಲಿ ಅವನು ಕೆಳದಿ ನಾಯಕರ ರಾಜಧಾನಿಯಾದ ಬಿದನೂರನ್ನು ಗೆದ್ದುಕೊಂಡಾಗ ಮಲೆನಾಡು ಮೈಸೂರಿನ ವಶವಾಯಿತು. ಶೃಂಗೇರಿಯೂ ಅವನ ಆಡಳಿತಕ್ಕೆ ಸೇರಿತು. ಬಿದನೂರಿಗೆ ಅಂದಿನಿಂದ ನಗರ ಎಂಬ ಹೆಸರು ನಿಂತಿತು.

ಇದನ್ನು ಇಂದಿನ ಅರ್ಥದ 'ಮಿಲಿಟರಿ ಆಡಳಿತ' ಎಂದು ಹೇಳುವುದು ಪೂರ್ತಿ ಸರಿಯಾಗುವುದಿಲ್ಲ. ಆ ಕಾಲದಲ್ಲಿ ಚುನಾವಣೆಯೇ ಇರಲಿಲ್ಲ, ಎಲ್ಲ ರಾಜರೂ ದಂಡನ್ನು ನಂಬಿಯೇ ಆಳುತ್ತಿದ್ದರು. ಆದರೂ ಒಂದು ವ್ಯತ್ಯಾಸ ಇದೆ. ವಂಶದ ಹಕ್ಕಿನಿಂದ ಬಂದ ರಾಜನನ್ನು 'ನೀನು ಯಾಕೆ ರಾಜ' ಎಂದು ಯಾರೂ ಕೇಳುವುದಿಲ್ಲ. ದಂಡಿನ ಬಲದಿಂದ ಬಂದವನು ಆ ಪ್ರಶ್ನೆಗೆ ಪ್ರತಿದಿನವೂ ಉತ್ತರ ಕೊಡುತ್ತಿರಬೇಕು. ಉತ್ತರ ಎರಡು ಬಗೆಯದು: ಯುದ್ಧದಲ್ಲಿ ಗೆಲುವು, ಧರ್ಮದ ಕಡೆಯಿಂದ ಆಶೀರ್ವಾದ. ಗೆಲುವು ಕೈತಪ್ಪುತ್ತಿರುವಾಗ ಎರಡನೆಯದರ ಬೆಲೆ ಹೆಚ್ಚಾಗುತ್ತದೆ.

೧೭೯೧: ದಂಡು ಬಂದ ವರ್ಷ

ಹೈದರನ ಮಗ ಟಿಪ್ಪು ಸುಲ್ತಾನ ೧೭೮೨ರಲ್ಲಿ ಅಧಿಕಾರಕ್ಕೆ ಬಂದ. ೧೭೯೦ರಲ್ಲಿ ಮೂರನೆಯ ಮೈಸೂರು ಯುದ್ಧ ಶುರುವಾಯಿತು. ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ, ಹೀಗೆ ಮೂವರು ಒಟ್ಟಾಗಿ ಅವನ ಮೇಲೆ ಬಂದರು.

ಯುದ್ಧ ಎಂದರೆ ಕೋಟೆಯ ಮುಂದೆ ನಡೆಯುವ ಕಾಳಗ ಮಾತ್ರ ಎಂದು ತಿಳಿಯಬೇಡಿ. ಒಂದು ದಂಡು ನಡೆದುಹೋಯಿತೆಂದರೆ ಸಾವಿರಾರು ಕುದುರೆ, ಎತ್ತು, ಸಿಪಾಯಿಗಳು ದಾರಿಯ ಊರುಗಳ ಹುಲ್ಲನ್ನೂ ಧಾನ್ಯವನ್ನೂ ತಿಂದುಹಾಕುತ್ತಿದ್ದವು. ಶತ್ರುವಿಗೆ ಸಿಗಬಾರದೆಂದು ಸ್ವಂತ ರಾಜನ ಕಡೆಯವರೇ ಮೇವನ್ನೂ ಬೆಳೆಯನ್ನೂ ಸುಡುವುದೂ ಇತ್ತು. ೧೭೯೧ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ ಕಾರ್ನ್‌ವಾಲಿಸನ ದಂಡು ಹಸಿವಿನಿಂದ ಕಂಗೆಟ್ಟು, ಎಳೆಯುವ ಎತ್ತುಗಳು ಸತ್ತುಹೋಗಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಹಿಂದಿರುಗಬೇಕಾಯಿತು. ದುಡ್ಡಿದ್ದ ದಂಡಿಗೇ ಈ ಗತಿಯಾದರೆ ದಾರಿಯ ಹಳ್ಳಿಗಳ ಪಾಡೇನಾಗಿರಬಹುದು? ಅದೇ ಹೊತ್ತಿಗೆ, ಅಂದರೆ ೧೭೯೧-೯೨ರಲ್ಲಿ, ದಖ್ಖನ್ನಿನಲ್ಲಿ ಘೋರ ಬರ ಬಿತ್ತು. ಸತ್ತವರನ್ನು ಸುಡಲು ಹೂಳಲು ಜನರಿಲ್ಲದೆ ದಾರಿಯಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂದು ಜನ ಅದನ್ನು ಡೋಗಿ ಬರ, ತಲೆಬುರುಡೆಯ ಬರ ಎಂದು ಕರೆದರು.

ಇಂಥ ವರ್ಷದಲ್ಲಿ ಮರಾಠಾ ದಂಡಿನ ಒಂದು ಭಾಗ ಮಲೆನಾಡಿಗೆ ನುಗ್ಗಿತು. ಪಟವರ್ಧನ ಸರದಾರರ ದಂಡಿನ ಜೊತೆಗಿದ್ದ ಪಿಂಡಾರಿ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದರು. ಪಿಂಡಾರಿಗಳೆಂದರೆ ಸಂಬಳ ಇಲ್ಲದ ಸವಾರರು. ಲೂಟಿಯೇ ಅವರ ಸಂಬಳ. ಮಠದಲ್ಲಿದ್ದ ಹಲವರು ಹತರಾದರು. ಶಾರದಾ ದೇವಿಯ ವಿಗ್ರಹವನ್ನು ಅದರ ಸ್ಥಾನದಿಂದ ಕಿತ್ತರು. ಅಂದು ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿಗಳು ಘಟ್ಟ ಇಳಿದು ಕಾರ್ಕಳದಲ್ಲಿ ಆಶ್ರಯ ಪಡೆದರು. ಹೋದ ಸೊತ್ತಿನ ಮೌಲ್ಯ ೬೦ ಲಕ್ಷ ರೂಪಾಯಿ ಎಂಬ ಲೆಕ್ಕ ಇತಿಹಾಸದ ಪುಸ್ತಕಗಳಲ್ಲಿ ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಲೂಟಿ ಮಾಡಿದ ದಂಡು ಹಿಂದೂ ಪೇಶ್ವೆಯದು. ಲೂಟಿಯಾದ ಮಠ ಅದೇ ಧರ್ಮದ ದೊಡ್ಡ ಪೀಠ. ನೆರವಿಗಾಗಿ ಸ್ವಾಮಿಗಳು ಬರೆದದ್ದು ಮುಸಲ್ಮಾನ ಸುಲ್ತಾನನಿಗೆ. ನಾವು ಇಂದು ಎಳೆಯುವ ಗೆರೆಗಳ ಮೇಲೆ ಅಂದಿನ ಜನ ನಡೆಯಲಿಲ್ಲ. ಗುಡಿಯನ್ನು ಮುಟ್ಟಲು ಹಿಂಜರಿಯುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಭದ್ರತೆ, ಹಸಿದ ದಂಡಿನ ಮುಂದೆ ಒಂದೇ ಪೆಟ್ಟಿಗೆ ಕುಸಿಯಿತು.

ಸುಲ್ತಾನನ ಕಾಗದಗಳು

೧೯೧೬ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಹಳೆಯ ಕಾಗದಗಳ ಒಂದು ಕಟ್ಟನ್ನು ಕಂಡರು. ಅವು ಟಿಪ್ಪು ಸುಲ್ತಾನ ಮಠಕ್ಕೆ ಬರೆಸಿದ ಪತ್ರಗಳು. ಕನ್ನಡದಲ್ಲಿರುವ ಇಂಥ ಸುಮಾರು ೩೦ ಪತ್ರಗಳು ಮಠದಲ್ಲಿ ಉಳಿದಿವೆ. ಅವುಗಳಲ್ಲಿ ಅವನು ಸ್ವಾಮಿಗಳನ್ನು ಜಗದ್ಗುರುಗಳೆಂದೇ ಸಂಬೋಧಿಸುತ್ತಾನೆ. ಲೂಟಿಯ ಸುದ್ದಿ ತಿಳಿದು ದುಃಖವನ್ನೂ ಕೋಪವನ್ನೂ ತೋರಿಸುತ್ತಾನೆ. ಶಾರದಾ ದೇವಿಯ ಪುನಃಪ್ರತಿಷ್ಠೆಗಾಗಿ ೨೦೦ ರಾಹತಿ ನಗದನ್ನೂ ೨೦೦ ರಾಹತಿ ಬೆಲೆಯ ಧಾನ್ಯವನ್ನೂ ಕೊಡಬೇಕೆಂದು ನಗರದ ಅಧಿಕಾರಿಗೆ ಅಪ್ಪಣೆ ಮಾಡುತ್ತಾನೆ. ರಾಹತಿ ಎಂಬುದು ಅವನ ಕಾಲದ ಚಿನ್ನದ ನಾಣ್ಯ. ಮುಂದೆ, ಶತ್ರುಗಳ ನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪಗಳನ್ನು ಮಾಡಿಸಬೇಕೆಂದು ಕೇಳಿ ಅದರ ಖರ್ಚನ್ನೂ ಒದಗಿಸುತ್ತಾನೆ.

ಇದು ಭಕ್ತಿಯೋ ರಾಜಕಾರಣವೋ? ನೂರು ವರ್ಷಗಳಿಂದ ಈ ಚರ್ಚೆ ನಡೆದಿದೆ. ಒಂದು ಪಕ್ಷದವರು ಈ ಪತ್ರಗಳನ್ನು ತೋರಿಸಿ ಅವನು ಎಲ್ಲ ಧರ್ಮಗಳನ್ನೂ ಗೌರವಿಸಿದ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಅದೇ ಟಿಪ್ಪು ಕೊಡಗಿನಲ್ಲೂ ಮಲಬಾರಿನಲ್ಲೂ ನಡೆದುಕೊಂಡ ರೀತಿಯನ್ನು ಎತ್ತಿ ತೋರಿಸುತ್ತಾರೆ. ವಿದ್ಯಾರ್ಥಿಗಳಾದ ನೀವು ಎರಡು ಪಕ್ಷದ ಆಧಾರಗಳನ್ನೂ ಓದಿ. ಆದರೆ ನಮ್ಮ ಇಂದಿನ ಪ್ರಶ್ನೆಗೆ ಬೇಕಾದ ಸಂಗತಿ ಬೇರೆ. ಅದೇ ಕಾಲದಲ್ಲಿ ಅವನ ಸರ್ಕಾರ ದೇವಸ್ಥಾನಗಳ ಮತ್ತು ಬ್ರಾಹ್ಮಣರ ಅನೇಕ ಇನಾಂ ಜಮೀನುಗಳನ್ನು ಖಜಾನೆಗೆ ವಾಪಸು ಪಡೆಯಿತು. ಒಂದು ಕೈಯಲ್ಲಿ ಇನಾಂ ವಾಪಸು, ಇನ್ನೊಂದು ಕೈಯಲ್ಲಿ ಕಾಣಿಕೆ. ಇದು ಪರಸ್ಪರ ವಿರುದ್ಧ ಎನಿಸಬಹುದು. ಆಳುವವನ ಕಡೆಯಿಂದ ನೋಡಿದರೆ ವಿರುದ್ಧವಲ್ಲ. ಸಣ್ಣಪುಟ್ಟ ಇನಾಮುಗಳಿಂದ ಅವನಿಗೆ ಹಣ ಬೇಕು. ದೊಡ್ಡ ಪೀಠದಿಂದ ಅವನಿಗೆ ಮನ್ನಣೆ ಬೇಕು.

ಲೆಕ್ಕವನ್ನೂ ನೋಡಿ. ಹೋದದ್ದು ೬೦ ಲಕ್ಷ ರೂಪಾಯಿ. ಕೊಡಿಸಿದ್ದು ನಗದು, ಧಾನ್ಯ ಸೇರಿ ೪೦೦ ಚಿನ್ನದ ನಾಣ್ಯಗಳ ಬೆಲೆ. ನಷ್ಟದ ಮುಂದೆ ಇದು ತೀರ ಸಣ್ಣದು. ಆದರೂ ಈ ಸಣ್ಣ ಕಾಣಿಕೆಯನ್ನು ಇನ್ನೂರು ವರ್ಷದ ಮೇಲೂ ನಾವು ನೆನೆಯುತ್ತಿದ್ದೇವೆ. ಧರ್ಮಕ್ಕೆ ಕೊಟ್ಟ ದುಡ್ಡಿಗೆ ಇರುವ ಶಕ್ತಿ ಇದು. ಆಳುವವರು ಇದನ್ನು ಚೆನ್ನಾಗಿ ಬಲ್ಲರು.

ಖಜಾನೆಯ ಲೆಕ್ಕ, ರೈತನ ಲೆಕ್ಕ

೧೭೯೨ರಲ್ಲಿ ಯುದ್ಧ ಮುಗಿಯಿತು. ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ, ೩ ಕೋಟಿ ೩೦ ಲಕ್ಷ ರೂಪಾಯಿ ತೆರಲು ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಶೃಂಗೇರಿಯಿಂದ ಲೂಟಿಯಾಯಿತೆನ್ನುವ ೬೦ ಲಕ್ಷ, ಇಡೀ ರಾಜ್ಯದ ಮೇಲೆ ಬಿದ್ದ ಈ ದಂಡದ ಐದರಲ್ಲೊಂದು ಪಾಲಿಗೆ ಸ್ವಲ್ಪವೇ ಕಡಿಮೆ. ಒಂದು ಮಠದ ಭಂಡಾರ ಎಷ್ಟು ದೊಡ್ಡದಾಗಿತ್ತು ಎಂಬುದು ಇದರಿಂದ ನಿಮಗೆ ಗೊತ್ತಾಗುತ್ತದೆ.

ದಂಡದ ಹಣ ಎಲ್ಲಿಂದ ಬಂತು? ಖಜಾನೆಯಿಂದ ಒಂದು ಭಾಗ ಮಾತ್ರ. ಉಳಿದದ್ದನ್ನು ದಂಡಿನವರಿಂದ, ಅಧಿಕಾರಿಗಳಿಂದ, ಪ್ರಜೆಗಳಿಂದ ವಸೂಲು ಮಾಡಲಾಯಿತು. ಅಧಿಕಾರಿ ತನ್ನ ಪಾಲನ್ನು ತನ್ನ ಕೆಳಗಿನವನಿಂದ ತೆಗೆದುಕೊಳ್ಳುತ್ತಾನೆ, ಅವನು ಶಾನುಭೋಗ ಪಟೇಲರಿಂದ, ಅವರು ಒಕ್ಕಲಿನಿಂದ. ಒಕ್ಕಲಿಗೆ ಮಾತ್ರ ಕೆಳಗೆ ಯಾರೂ ಇಲ್ಲ. ಹೀಗೆ ೧೭೯೧ರಲ್ಲಿ ಲೂಟಿ ಮಾಡಿದವರೂ, ೧೭೯೨ರಲ್ಲಿ ದಂಡ ವಸೂಲು ಮಾಡಿದವರೂ ಬೇರೆ ಬೇರೆ ಪಕ್ಷದವರು. ಕೊಟ್ಟವನು ಮಾತ್ರ ಒಬ್ಬನೇ.

ಟಿಪ್ಪು ೧೭೯೯ರಲ್ಲಿ ಮಡಿದ. ಇಂಗ್ಲಿಷರು ಒಡೆಯರನ್ನು ಮತ್ತೆ ಪಟ್ಟಕ್ಕೆ ತಂದರು. ಆದರೂ ಮಲೆನಾಡಿನ ರೈತನ ಲೆಕ್ಕ ಸರಿಹೋಗಲಿಲ್ಲ. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರು ಸರ್ಕಾರಕ್ಕೆ ಕರಾರು ಬರೆದುಕೊಡುವ 'ಷರತ್ತು' ಪದ್ಧತಿಯಿಂದ ಜನ ಬೇಸತ್ತು, ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದರು. ದಂಡು ಬಂದು ದಂಗೆಯನ್ನು ಅಡಗಿಸಿತು. ೧೮೩೧ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರೇ ವಹಿಸಿಕೊಂಡರು. ಮುಂದೆ ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕೂಡ ದಂಡಿನ ಅಧಿಕಾರಿಯೇ. ಆ ವರ್ಷಗಳಲ್ಲೇ ನಮ್ಮ ಗುಡ್ಡಗಳಲ್ಲಿ ದೊಡ್ಡ ಕಾಫಿ ತೋಟಗಳು ಎದ್ದವು.

ಬರ್ಮಾದ ಚಿನ್ನದ ಸ್ತೂಪ

ಇದೆಲ್ಲ ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಎಂದು ನಿಮಗೆ ಅನ್ನಿಸಬಹುದು. ನಮ್ಮ ನೆರೆಯ ದೇಶವೊಂದನ್ನು ನೋಡೋಣ. ಬರ್ಮಾದಲ್ಲಿ ೧೯೬೨ರಲ್ಲಿ ಜನರಲ್ ನೆ ವಿನ್ ಸೈನ್ಯದ ಬಲದಿಂದ ಅಧಿಕಾರ ಹಿಡಿದ. ಅಕ್ಕಿಯನ್ನು ರಫ್ತು ಮಾಡುವುದರಲ್ಲಿ ಒಮ್ಮೆ ಜಗತ್ತಿಗೇ ಹೆಸರಾಗಿದ್ದ ಆ ದೇಶವನ್ನು, ೧೯೮೭ರಲ್ಲಿ ವಿಶ್ವಸಂಸ್ಥೆ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸರ್ಕಾರ ಚಲಾವಣೆಯಲ್ಲಿದ್ದ ನೋಟುಗಳನ್ನು ಇದ್ದಕ್ಕಿದ್ದಂತೆ ರದ್ದು ಮಾಡಿ ಜನರ ಉಳಿತಾಯವನ್ನೇ ನುಂಗಿಹಾಕಿತು. ೧೯೮೮ರಲ್ಲಿ ವಿದ್ಯಾರ್ಥಿಗಳು ಮುಂದಾಗಿ ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿತು. ಮರುವರ್ಷ ದೇಶದ ಹೆಸರು ಮ್ಯಾನ್ಮಾರ್ ಎಂದಾಯಿತು.

ಆ ದೇಶದ ದೊಡ್ಡ ನಗರ ಯಾಂಗೋನ್, ಅಂದರೆ ಹಳೆಯ ರಂಗೂನಿನಲ್ಲಿ, ಶ್ವೇಡಗಾನ್ ಎಂಬ ಬೌದ್ಧ ಸ್ತೂಪವಿದೆ. ಎತ್ತರ ಸುಮಾರು ೯೯ ಮೀಟರು. ಮೈತುಂಬ ಚಿನ್ನದ ತಗಡು, ತುದಿಯ ಛತ್ರಿಯಲ್ಲಿ ವಜ್ರ ಮತ್ತು ರತ್ನಗಳು. ಇದನ್ನು ಜನರಲ್‌ಗಳು ಕಟ್ಟಿಸಿದ್ದಲ್ಲ. ನೂರಾರು ವರ್ಷಗಳಿಂದ ರಾಣಿಯರೂ ಬಡ ಭಕ್ತರೂ ಕೊಟ್ಟ ಚಿನ್ನ ಅದು. ಆದರೆ ೧೯೯೯ರಲ್ಲಿ ತುದಿಯ ಛತ್ರಿಯನ್ನು ಹೊಸದಾಗಿ ಏರಿಸಿದಾಗ ಸೈನಿಕ ಸರ್ಕಾರ ಮುಂದೆ ನಿಂತು ಅದನ್ನು ದೊಡ್ಡ ಉತ್ಸವವಾಗಿ ನಡೆಸಿತು. ಬರ್ಮಾದಲ್ಲಿ ಸ್ತೂಪಕ್ಕೆ ಛತ್ರಿ ಏರಿಸುವುದು ರಾಜರ ಕರ್ತವ್ಯವೆಂದು ಹಿಂದಿನಿಂದ ಬಂದ ಭಾವನೆ. ಚುನಾವಣೆಯಲ್ಲಿ ಗೆಲ್ಲದವರಿಗೆ ರಾಜನ ಸ್ಥಾನ ಗಳಿಸಲು ಅದೊಂದು ದಾರಿ.

೨೦೦೭ರ ಆಗಸ್ಟ್‌ನಲ್ಲಿ ಸರ್ಕಾರ ಇಂಧನದ ಬೆಲೆಯನ್ನು ಇದ್ದಕ್ಕಿದ್ದಂತೆ ಏರಿಸಿತು. ಬಸ್ಸಿನ ದರ, ಅಕ್ಕಿಯ ಬೆಲೆ ಎಲ್ಲವೂ ಏರಿದವು. ಆಗ ಬೀದಿಗಿಳಿದವರು ಬೌದ್ಧ ಭಿಕ್ಷುಗಳು. ಭಿಕ್ಷುವಿನ ಪಾತ್ರೆಗೆ ಬೀಳುವ ಅನ್ನ ಜನರ ಮನೆಯಿಂದ ಬರುತ್ತದೆ. ಆದ್ದರಿಂದ ಮನೆಗಳಲ್ಲಿ ಅನ್ನ ಕಡಿಮೆಯಾದದ್ದು ಅವರಿಗೆ ಬೇಗ ತಿಳಿಯುತ್ತದೆ. ಭಿಕ್ಷುಗಳು ತಮ್ಮ ಪಾತ್ರೆಗಳನ್ನು ಬೋರಲು ಹಾಕಿದರು. ಅಂದರೆ, ಸೈನಿಕ ಅಧಿಕಾರಿಗಳಿಂದ ದಾನ ತೆಗೆದುಕೊಳ್ಳುವುದಿಲ್ಲ ಎಂದರು. ಬೌದ್ಧ ಸಂಪ್ರದಾಯದಲ್ಲಿ ಇದು ಬಹಳ ಕಠಿಣವಾದ ಶಿಕ್ಷೆ. ದಾನವೇ ಇಲ್ಲದಿದ್ದರೆ ಪುಣ್ಯ ಎಲ್ಲಿಂದ ಬರಬೇಕು? ಕೋಟಿಗಟ್ಟಲೆ ಬೆಲೆಯ ಚಿನ್ನ ಕೊಟ್ಟು ಗಳಿಸಿದ ಮನ್ನಣೆಯನ್ನು ಬರಿಗೈಯ ಭಿಕ್ಷುಗಳು ಒಂದು ಮಣ್ಣಿನ ಬಣ್ಣದ ಪಾತ್ರೆಯನ್ನು ತಲೆಕೆಳಗು ಮಾಡಿ ಕಸಿದುಕೊಂಡರು. ಸೈನ್ಯ ಈ ಚಳವಳಿಯನ್ನೂ ಬಲದಿಂದ ಮುರಿಯಿತು.

೨೦೦೮ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಇರಾವತಿ ನದಿಯ ಮುಖಜ ಭೂಮಿಯನ್ನು ಅಪ್ಪಳಿಸಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು ೧ ಲಕ್ಷ ೩೮ ಸಾವಿರ ಜನ. ಹೊರದೇಶಗಳ ನೆರವನ್ನು ಒಳಗೆ ಬಿಡಲು ಸರ್ಕಾರ ವಾರಗಟ್ಟಲೆ ಮೀನಮೇಷ ಎಣಿಸಿತು. ಮರುವರ್ಷ, ೨೦೦೯ರಲ್ಲಿ, ಹೊಸ ರಾಜಧಾನಿ ನೇಪಿಡಾದಲ್ಲಿ ಶ್ವೇಡಗಾನ್‌ನ ಮಾದರಿಯ ಹೊಸ ಸ್ತೂಪ ಉಪ್ಪಾತಸಂತಿ ಸಿದ್ಧವಾಯಿತು. ಅದರ ಎತ್ತರ ಹಳೆಯ ಸ್ತೂಪಕ್ಕಿಂತ ಸುಮಾರು ಒಂದು ಅಡಿ ಮಾತ್ರ ಕಡಿಮೆ. ೨೦೨೧ರ ಫೆಬ್ರವರಿ ೧ರಂದು ಸೈನ್ಯ ಚುನಾಯಿತ ಸರ್ಕಾರವನ್ನು ಮತ್ತೆ ಉರುಳಿಸಿತು. ದೇಶದಲ್ಲಿ ಅಂತರ್ಯುದ್ಧ ಉರಿಯುತ್ತಿದ್ದಾಗಲೇ, ೨೦೨೩ರ ಆಗಸ್ಟ್‌ನಲ್ಲಿ, ಅದೇ ರಾಜಧಾನಿಯಲ್ಲಿ ಅಮೃತಶಿಲೆಯ ಬೃಹತ್ ಬುದ್ಧ ವಿಗ್ರಹವನ್ನು ಸೈನ್ಯದ ಮುಖ್ಯಸ್ಥರು ಪ್ರತಿಷ್ಠಾಪಿಸಿದರು.

ಶೃಂಗೇರಿಗೂ ಬರ್ಮಾಕ್ಕೂ ಕಾಲ ಬೇರೆ, ಧರ್ಮ ಬೇರೆ, ದೇಶ ಬೇರೆ. ಹೋಲಿಕೆ ಇರುವುದು ಒಂದೇ ಕಡೆ. ಬಲದಿಂದ ಬಂದ ಆಡಳಿತ ಧರ್ಮಕ್ಕೆ ಕೊಡುವಾಗ, ಕೊಡುವ ಹಣವೂ ಜನರದ್ದೇ. ಆ ಹಣವನ್ನು ಹೀಗೆ ಖರ್ಚು ಮಾಡಬಹುದೇ ಎಂದು ಜನರನ್ನು ಕೇಳುವವರಿಲ್ಲ. ಆಸ್ಪತ್ರೆಗೋ ಸ್ತೂಪಕ್ಕೋ ಎಂಬ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಎತ್ತುವವರಿಲ್ಲ, ಪತ್ರಿಕೆಯಲ್ಲಿ ಬರೆಯುವವರಿಲ್ಲ.

ನಾಣ್ಯದ ಇನ್ನೊಂದು ಮುಖ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡದಿದ್ದರೆ ಅನ್ಯಾಯವಾಗುತ್ತದೆ. ಗುಡಿಯ ಸಂಪತ್ತೆಲ್ಲ ಸುಮ್ಮನೆ ಕೂತಿರುವುದಿಲ್ಲ. ಹೊರನಾಡಿಗೆ ಹೋದವರು ಯಾರೇ ಆಗಲಿ, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಎಲೆ ಹಾಕಿ ಕುಳಿತರೆ ಊಟ ಸಿಗುತ್ತದೆ. ಶೃಂಗೇರಿಯಲ್ಲೂ ಹಾಗೆಯೇ. ಗುಡಿ ಕಟ್ಟುವಾಗ ಕಲ್ಲುಕುಟಿಗ, ಬಡಗಿ, ಅಕ್ಕಸಾಲಿಗರಿಗೆ ಕೆಲಸ ಸಿಕ್ಕಿದೆ. ಮಠಗಳು ಶಾಲೆ, ಹಾಸ್ಟೆಲುಗಳನ್ನು ನಡೆಸಿವೆ. ಅವುಗಳಲ್ಲಿ ಓದಿ ಮುಂದೆ ಬಂದ ಬಡ ಮಕ್ಕಳು ಲಕ್ಷಾಂತರ. ಬರ್ಮಾದಲ್ಲೂ ಚಂಡಮಾರುತದ ನಂತರ ನಿರಾಶ್ರಿತರಿಗೆ ಮೊದಲು ಬಾಗಿಲು ತೆರೆದವುಗಳಲ್ಲಿ ಬೌದ್ಧ ವಿಹಾರಗಳಿದ್ದವು. ಬಡವನು ಹುಂಡಿಗೆ ಹಾಕುವ ಒಂದು ರೂಪಾಯಿಯನ್ನು ಮೂಢತನ ಎಂದು ನಗುವ ಹಕ್ಕೂ ನಮಗಿಲ್ಲ. ಅವನಿಗೆ ಆಸ್ಪತ್ರೆ ದೂರ, ಕಚೇರಿ ದೂರ, ದೇವರು ಒಬ್ಬನೇ ಹತ್ತಿರ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದವರಿದ್ದಾರೆ. ೧೨ನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳ ದಂಡಿನ ಬಲದಿಂದ ಚಾಲುಕ್ಯರ ಸಿಂಹಾಸನವನ್ನು ಹಿಡಿದಿದ್ದ. ಅವನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು ಬಸವಣ್ಣನವರು. ಚಿನ್ನದ ಲೆಕ್ಕವನ್ನು ದಿನವೂ ಕಂಡ ಆ ಭಂಡಾರಿಯೇ, ದೇವರಿರುವುದು ಕಲ್ಲಿನ ಗುಡಿಯಲ್ಲಲ್ಲ, ದುಡಿಯುವ ದೇಹದಲ್ಲಿ ಎಂಬ ವಿಚಾರವನ್ನು ಮುಂದಿಟ್ಟರು. ಕಾಯಕದಿಂದ ಗಳಿಸು, ಉಳಿದದ್ದನ್ನು ದಾಸೋಹಕ್ಕೆ ಸಲ್ಲಿಸು ಎಂಬುದು ಶರಣರ ದಾರಿ. ಸಂಪತ್ತು ಕೂಡಿಡಲು ಇರುವುದಲ್ಲ, ಹರಿಯಲು ಇರುವುದು ಎಂಬುದೇ ಇದರ ತಿರುಳು.

ಪ್ರಜಾಪ್ರಭುತ್ವ ಬಂದ ಮೇಲೆ

ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಏನಾಯಿತು? ಭಂಡಾರವನ್ನು ಯಾರೂ ಲೂಟಿ ಮಾಡಲಿಲ್ಲ. ಕಾನೂನು ಬಂತು. ೧೯೫೫ರಲ್ಲಿ ಮೈಸೂರು ರಾಜ್ಯ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು ರದ್ದು ಮಾಡುವ ಕಾಯಿದೆಯನ್ನು ಮಾಡಿತು. ಜಹಗೀರಿಯಾಗಿದ್ದ ಶೃಂಗೇರಿಯ ಸೀಮೆಯೂ ಬೇರೆ ಊರುಗಳಂತೆ ಸರ್ಕಾರದ ಆಡಳಿತಕ್ಕೆ ಬಂತು. ಹೋದ ಇನಾಮಿಗೆ ಬದಲಾಗಿ ಗುಡಿಗಳಿಗೆ ವರ್ಷಕ್ಕಿಷ್ಟು ಎಂದು ತಸ್ತೀಕು ಗೊತ್ತಾಯಿತು. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಮಠದ ಜಮೀನನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು ೭ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾನು ಉಳುವ ನೆಲಕ್ಕೆ ಒಡೆಯನಾಗುವಂತಾಯಿತು. 'ಡಿಕ್ಲರೇಷನ್ ಕೊಟ್ಟ ವರ್ಷ' ಎಂದು ನಿಮ್ಮ ಮನೆಯ ಹಿರಿಯರು ಹೇಳುವುದು ಇದನ್ನೇ. ಕಾಫಿ ತೋಟಗಳಿಗೆ ಮಾತ್ರ ಆ ಕಾಯಿದೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಭತ್ತದ ಗದ್ದೆಯ ಒಕ್ಕಲಿಗೆ ಸಿಕ್ಕಿದ್ದು ತೋಟದ ಲೈನಿನ ಕೂಲಿಗೆ ಸಿಗಲಿಲ್ಲ. ನಮ್ಮ ಗುಡ್ಡಗಳಲ್ಲಿ ಬಡತನ ಎಲ್ಲಿ ಉಳಿಯಿತು ಎಂಬುದಕ್ಕೆ ಇದೂ ಒಂದು ಕಾರಣ. ದೇವರ ಚಿನ್ನವೊಂದೇ ಎಲ್ಲಕ್ಕೂ ಕಾರಣವಲ್ಲ ಎಂಬುದನ್ನು ಇದರಿಂದ ತಿಳಿಯಿರಿ.

ದೇವಸ್ಥಾನಗಳ ಹಣಕ್ಕೂ ಲೆಕ್ಕ ಬಂತು. ಹಿಂದಿನ ಮೈಸೂರಿನಲ್ಲಿ ೧೯೨೭ರ ಮುಜರಾಯಿ ಕಾಯಿದೆ ಇತ್ತು. ೧೯೯೭ರಲ್ಲಿ ಇಡೀ ಕರ್ನಾಟಕಕ್ಕೆ ಒಂದೇ ಕಾಯಿದೆಯನ್ನು ಮಾಡಲಾಯಿತು. ಇದರ ವ್ಯಾಪ್ತಿಗೆ ಸುಮಾರು ೩೪ ಸಾವಿರ ದೇವಸ್ಥಾನಗಳು ಬರುತ್ತವೆ. ಇವುಗಳನ್ನು ವರ್ಷದ ಆದಾಯ ನೋಡಿ 'ಎ', 'ಬಿ', 'ಸಿ' ಎಂದು ವಿಂಗಡಿಸಿದ್ದಾರೆ. ಬಹುಪಾಲು 'ಸಿ' ವರ್ಗದವು. ದೀಪಕ್ಕೆ ಎಣ್ಣೆ ಹೊಂದಿಸುವುದೂ ಅವುಗಳಿಗೆ ಕಷ್ಟ. ದೊಡ್ಡ ಗುಡಿಗಳ ಆದಾಯದ ಒಂದು ಪಾಲನ್ನು ಸಾಮಾನ್ಯ ನಿಧಿಗೆ ಪಡೆದು ಸಣ್ಣ ಗುಡಿಗಳಿಗೆ ನೆರವಾಗುವ ಏರ್ಪಾಡು ಕಾಯಿದೆಯಲ್ಲಿದೆ. ಮಠಗಳು ಇದರ ವ್ಯಾಪ್ತಿಯ ಹೊರಗಿವೆ. ಗುಡಿಗಳಲ್ಲೂ ಬಡವ ಬಲ್ಲಿದ ಎಂಬ ಭೇದ ಇದೆ ಎಂದು ಇದರಿಂದ ನಿಮಗೆ ಹೊಳೆಯುತ್ತದೆ.

ಈ ಕಾಯಿದೆಯ ಬಗ್ಗೆ ಜಗಳಗಳಿವೆ. ಸರ್ಕಾರ ದೇವಸ್ಥಾನದ ಹಣವನ್ನು ಮುಟ್ಟಬಾರದು ಎನ್ನುವವರಿದ್ದಾರೆ, ಸರ್ಕಾರದ ಲೆಕ್ಕ ತಪಾಸಣೆ ಇಲ್ಲದಿದ್ದರೆ ಕೆಲವರ ಪಾಲಾಗುತ್ತದೆ ಎನ್ನುವವರಿದ್ದಾರೆ. ಕೋರ್ಟಿನಲ್ಲಿ, ವಿಧಾನಸಭೆಯಲ್ಲಿ, ಪತ್ರಿಕೆಗಳಲ್ಲಿ ಈ ಜಗಳ ನಡೆಯುತ್ತಲೇ ಇದೆ. ಜಗಳ ನಡೆಯುವುದೇ ಒಳ್ಳೆಯ ಲಕ್ಷಣ. ೧೭೯೧ರಲ್ಲಿ ಒಕ್ಕಲಿಗೆ ಈ ಜಗಳವಾಡುವ ಜಾಗವೇ ಇರಲಿಲ್ಲ. ಬರ್ಮಾದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಎತ್ತಿ ಜೈಲಿಗೆ ಹೋದ. ನೀವು ತರಗತಿಯಲ್ಲಿ ಎದ್ದು ನಿಂತು ಕೇಳಬಹುದು.

ನೀವು ಮಾಡಬಹುದಾದದ್ದು

ಶ್ರೀಮಂತ ಗುಡಿಯೊಂದನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಸಂಪತ್ತನ್ನು ದುಡಿದವರು ಯಾರು? ಕೊಟ್ಟವರು ಯಾರು, ಅವರಿಗೆ ಅದರಿಂದ ಏನು ಸಿಕ್ಕಿತು? ಇದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸುತ್ತಾರೆ? ಇದರಲ್ಲಿ ಎಷ್ಟು ಪಾಲು ಮತ್ತೆ ಜನರ ಕಡೆಗೆ ಹರಿಯುತ್ತದೆ? ಈ ಪ್ರಶ್ನೆಗಳನ್ನು ಯಾವ ಧರ್ಮದ ಗುಡಿಗಾದರೂ, ದರ್ಗಾಕ್ಕಾದರೂ, ಇಗರ್ಜಿಗಾದರೂ ಒಂದೇ ಸಮನಾಗಿ ಕೇಳಬೇಕ. ನಮ್ಮವರಿಗೆ ಬಿಟ್ಟು ಬೇರೆಯವರಿಗೆ ಮಾತ್ರ ಕೇಳಿದರೆ ಅದು ಪ್ರಶ್ನೆಯಲ್ಲ, ಹಗೆ.

ಕೊನೆಯದಾಗಿ ಒಂದು ಅಭ್ಯಾಸ. ನಿಮ್ಮ ಊರಿನ ಗುಡಿಯ ಹೆಸರಿನಲ್ಲಿ ಹಿಂದೆ ಎಷ್ಟು ಜಮೀನಿತ್ತು, ಅದನ್ನು ಉಳುತ್ತಿದ್ದವರು ಯಾರು, ಈಗ ಅದು ಯಾರ ಹೆಸರಿನಲ್ಲಿದೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿಗಳ ಕಚೇರಿಯ ಪಹಣಿಯ ಜೊತೆ ಹೋಲಿಸಿ ನೋಡಿ. ತರಗತಿಯ ನಾಲ್ಕೈದು ಮಂದಿ ಬೇರೆ ಬೇರೆ ಊರುಗಳಿಂದ ಇಂಥ ಮಾಹಿತಿ ತಂದರೆ, ಶಾಸನದ ಕಲ್ಲಿನಲ್ಲಿ ಬಿಟ್ಟುಹೋದ ಒಕ್ಕಲುಗಳ ಹೆಸರುಗಳು ನಿಮ್ಮ ನೋಟುಪುಸ್ತಕದಲ್ಲಾದರೂ ಸೇರುತ್ತವೆ.